ಆರ್‌ಪಿಎಂ ಏರುತ್ತೆ, ಸ್ಪೀಡ್ ಏರಲ್ಲ

"ಗಾಡಿ ಎಳೀತಿಲ್ಲ" ಅಂತ ಗ್ಯಾರೇಜಿಗೆ ಹೋದರೆ ಹತ್ತು ಕಾರಣ ಸಿಗುತ್ತವೆ. ಫ್ಯೂಯಲ್ ಫಿಲ್ಟರ್ ಕಟ್ಟಿಕೊಂಡಿದೆ, ಟರ್ಬೊ ಪೈಪ್ ಬಿಟ್ಟಿದೆ, ಬ್ರೇಕ್ ಹಿಡ್ಕೊಂಡಿದೆ. ಆದರೆ "ಎಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ" ಅಂದುಬಿಟ್ಟರೆ ಸಾಕು, ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದುಬಿಡುತ್ತೆ. ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು. ಬಹುಪಾಲು ಸಲ ಆ ತೀರ್ಪು ಸರಿಯಾಗಿಯೂ ಇರುತ್ತೆ. ನನ್ನ ತಕರಾರು ಸರಿಯಿಲ್ಲದ ಸಲಗಳ ಬಗ್ಗೆ. ಅದರಲ್ಲೂ ಜೋರು ಎಂಜಿನ್ ಇರುವ ಮ್ಯಾನ್ಯುಯಲ್ ಕಾರುಗಳ ಬಗ್ಗೆ.

ನಮ್ಮಲ್ಲಿ ಹೆಚ್ಚಿನವರು ಕ್ಲಚ್ ಬಗ್ಗೆ ಕಲಿತದ್ದು ಸಣ್ಣ ಕಾರುಗಳಲ್ಲಿ. ಮಾರುತಿ 800ರಲ್ಲಿ ಕ್ಲಚ್ ಕೇಬಲ್ ಇತ್ತು. ಪ್ಲೇಟ್ ಸವೆದ ಹಾಗೆ ಪೆಡಲ್ ಮೇಲ್ಮೇಲೆ ಹಿಡಿಯುತ್ತಿತ್ತು. ಕೇಬಲ್ ಅಡ್ಜಸ್ಟ್ ಮಾಡಿ ಒಂದಷ್ಟು ದಿನ ತಳ್ಳಬಹುದಿತ್ತು. ಆಮೇಲೆ ಸುಟ್ಟ ವಾಸನೆ ಬರುತ್ತಿತ್ತು, ಫ್ಲೈಓವರ್ ಏರುವಾಗ ಗೊತ್ತಾಗುತ್ತಿತ್ತು, ಅಷ್ಟೇ. ಅನುಮಾನ ಬಂದರೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡುವುದು. ಎಂಜಿನ್ ಆಫ್ ಆದರೆ ಕ್ಲಚ್ ಗಟ್ಟಿ, ಓಡುತ್ತಲೇ ಇದ್ದರೆ ಹೋಗಿದೆ.

ಈ ಲಕ್ಷಣಗಳನ್ನು ನಂಬಿಕೊಂಡು ಇವತ್ತಿನ ಟರ್ಬೊ ಪೆಟ್ರೋಲ್ ಕಾರಿನ ಹತ್ತಿರ ಹೋದರೆ ಮೋಸ ಹೋಗುತ್ತೇವೆ. ಕೇಬಲ್ ಬದಲು ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್‌ನಲ್ಲಿ ಪ್ಲೇಟ್ ಸವೆದಷ್ಟನ್ನು ಕ್ಲಚ್ ಕಡೆಯ ಸ್ಲೇವ್ ಸಿಲಿಂಡರ್ ತಾನೇ ಸರಿದೂಗಿಸಿಕೊಳ್ಳುತ್ತೆ. ಪೆಡಲ್ ಹಿಡಿಯುವ ಜಾಗ ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಕೆಲವು ಕಾರುಗಳಲ್ಲಿ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟೇ ಸವೆತಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುವ ಜಾತಿಯದು. ಅಲ್ಲಿ ಪೆಡಲ್ಲಿನ ಭಾರವೂ ಬದಲಾಗುವುದಿಲ್ಲ. ಇನ್ನು ಹ್ಯಾಂಡ್‌ಬ್ರೇಕ್ ಪರೀಕ್ಷೆ. ಐಡಲ್‌ನಲ್ಲಿ ಎಂಜಿನ್ ಹಾಕುವ ಟಾರ್ಕ್, ಅಂದರೆ ತಿರುಗಿಸುವ ಬಲ, ಎಷ್ಟು ಮಹಾ? 200 ನ್ಯೂಟನ್ ಮೀಟರ್ ತಡೆದುಕೊಂಡು 280ಕ್ಕೆ ಕೈಕೊಡುವ ಕ್ಲಚ್ ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತೆ. ಅದನ್ನು ನೋಡಿ "ಕ್ಲಚ್ ಚೆನ್ನಾಗಿದೆ ಸಾರ್, ಟರ್ಬೊ ನೋಡಿಸಿ" ಅನ್ನುವವರಿದ್ದಾರೆ. ಅನುಮಾನ ಇರುವ ಕ್ಲಚ್‌ಗೆ ಇದನ್ನು ಮತ್ತೆ ಮತ್ತೆ ಮಾಡಿದರೆ, ಇಲ್ಲದ ಬಿಸಿ ಹುಟ್ಟಿಸಿ ನಾವೇ ಕೆಡಿಸಿದ ಹಾಗೂ ಆಗುತ್ತೆ.

ಕ್ಲಚ್ ಎಷ್ಟು ಟಾರ್ಕ್ ತಡೆಯುತ್ತೆ ಅನ್ನುವ ಲೆಕ್ಕ ಸರಳ. ಸ್ಪ್ರಿಂಗ್ ಎಷ್ಟು ಜೋರಾಗಿ ಒತ್ತುತ್ತೆ, ಪ್ಲೇಟಿನ ಮೇಲೆ ಉಜ್ಜುವ ಪದರಕ್ಕೆ, ಅಂದರೆ ಲೈನಿಂಗ್‌ಗೆ, ಎಷ್ಟು ಹಿಡಿತ ಇದೆ, ಪ್ಲೇಟ್ ಎಷ್ಟು ದೊಡ್ಡದು, ಎಷ್ಟು ಮುಖಗಳು ಉಜ್ಜುತ್ತವೆ. ಈ ನಾಲ್ಕನ್ನು ಗುಣಿಸಿದರೆ ಉತ್ತರ. ಒಂದೇ ಪ್ಲೇಟ್ ಇದ್ದರೆ ಮುಖ ಎರಡು. ಟ್ವಿನ್ ಪ್ಲೇಟ್ ಆದರೆ ನಾಲ್ಕು. ಪೋರ್ಷೆ ಕರೆರಾ ಜಿಟಿ ಕಾರಿನ ಸೆರಾಮಿಕ್ ಕ್ಲಚ್ 169 ಮಿ.ಮೀ. ಅಗಲದ್ದು. ಅಷ್ಟು ಸಣ್ಣದು 590 ನ್ಯೂಟನ್ ಮೀಟರ್ ತಡೆಯುವುದು ಅದರಲ್ಲಿ ಎರಡು ಪ್ಲೇಟ್ ಇರುವುದರಿಂದ. ಸಿಗ್ನಲ್‌ನಲ್ಲಿ ಆ ಕಾರನ್ನು ಎಬ್ಬಿಸುವುದು ಎಷ್ಟು ಕಷ್ಟ ಅಂತ ಓಡಿಸಿದವರು ಹೇಳಿಕೊಂಡು ಓಡಾಡುವುದು ಬೇರೆ ಕಥೆ.

ಕಂಪನಿಯವರು ಎಂಜಿನ್ನಿನ ಟಾರ್ಕ್‌ಗಿಂತ ಸ್ವಲ್ಪ ಜಾಸ್ತಿ ತಡೆಯುವ ಕ್ಲಚ್ಚನ್ನೇ ಹಾಕಿರುತ್ತಾರೆ. ಆದರೆ ಬೇಕಾಬಿಟ್ಟಿ ಜಾಸ್ತಿ ಹಾಕುವುದಿಲ್ಲ. ಹಾಕಿದರೆ ಪೆಡಲ್ ಕಲ್ಲಿನ ಹಾಗಾಗುತ್ತೆ, ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎಡಗಾಲು ಬಿದ್ದುಹೋಗುತ್ತೆ. 2015ರಲ್ಲಿ ನಮ್ಮಲ್ಲಿ ಬಂದ ಅಬಾರ್ತ್ ಪುಂಟೊ 212 ನ್ಯೂಟನ್ ಮೀಟರ್ ಕೊಡುತ್ತಿತ್ತು. ಹೊರದೇಶದ ಹೋಂಡಾ ಸಿವಿಕ್ ಟೈಪ್ ಆರ್ 2017ರ ಮಾದರಿಯಲ್ಲಿ 400 ಕೊಡುತ್ತೆ, ಅದೂ ಮ್ಯಾನ್ಯುಯಲ್ ಗೇರಿನಲ್ಲಿ ಮಾತ್ರ. ಎರಡಕ್ಕೂ ಅವರವರ ಲೆಕ್ಕದ ಕ್ಲಚ್ ಇದೆ. ಆ ಲೆಕ್ಕದ ಮೇಲೆ, ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಟಾರ್ಕ್ ಏರಿಸುವ ರೀಮ್ಯಾಪ್ ಬಂದು ಕೂತಾಗ ಕಥೆ ಶುರು.

ನನ್ನ ಗೆಳೆಯನದ್ದೊಂದು 1.8 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್ ಇದೆ. ಆರು ಗೇರು, ಸೆಕೆಂಡ್ ಹ್ಯಾಂಡ್. ಕಾರಿನ ಹೆಸರು ಬೇಡ, ಅದರ ತಪ್ಪೇನೂ ಇಲ್ಲ. ಕಂಪನಿ ಲೆಕ್ಕದಲ್ಲಿ 250 ನ್ಯೂಟನ್ ಮೀಟರ್. ಇವನು ರೀಮ್ಯಾಪ್ ಮಾಡಿಸಿದ ಮೇಲೆ ಟ್ಯೂನರ್ ಕೊಟ್ಟ ಗ್ರಾಫ್‌ನಲ್ಲಿ 330ರ ಹತ್ತಿರ ಇತ್ತು. ಹಾಸನ ದಾಟಿ ಸಕಲೇಶಪುರದ ಕಡೆ ಹೋಗುವಾಗ, ಬಾಳ್ಳುಪೇಟೆ ಹತ್ತಿರ ಐದನೇ ಗೇರಿನಲ್ಲಿ ಲಾರಿ ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದ. ಎಂಜಿನ್ನಿನ ಸುತ್ತು, ಅಂದರೆ ಆರ್‌ಪಿಎಂ, ತೋರಿಸುವ ಟ್ಯಾಕೊಮೀಟರ್ ಮುಳ್ಳು ಒಮ್ಮೆಲೇ ಮೇಲೆ ಹಾರಿ, ಅಲ್ಲೇ ನಿಂತು, ನಿಧಾನಕ್ಕೆ ಕೆಳಗೆ ಬಂತು. ಊರಿಗೆ ಹೋಗಿ ಸೇರುವ ಮೊದಲೇ ನನಗೆ ಫೋನ್. "ಮಗಾ, ಕ್ಲಚ್ ಹೋಯ್ತು. ರೀಮ್ಯಾಪ್ ತಡ್ಕೊಳ್ಳೋಂಥ ಆರು ಪಕ್ ಸೆರಾಮಿಕ್ ಕ್ಲಚ್ ತರಿಸ್ತೀನಿ." ಪೂರ್ತಿ ಸುತ್ತಿನ ಲೈನಿಂಗ್ ಬದಲು ಆರು ಬಿಡಿ ತುಂಡುಗಳಿರುವ ಪ್ಲೇಟ್ ಅದು.

ನನಗೆ ಅದು ಅವಸರ ಅನ್ನಿಸಿತು. ರೀಮ್ಯಾಪ್ ಆಗಿ ಬಹಳ ಕಾಲ ಅದೇ ಕ್ಲಚ್ ಸರಿಯಾಗೇ ಓಡಿತ್ತಲ್ಲ. 330 ತಡೆಯದ ಕ್ಲಚ್ ಆಗಿದ್ದರೆ ಮೊದಲ ವಾರವೇ ಹೇಳಬೇಕಿತ್ತು.

ಮೇಲಿನ ಗೇರಿನಲ್ಲೇ ಯಾಕೆ ಮೊದಲು ಕ್ಲಚ್ ಸ್ಲಿಪ್ ಆಗುತ್ತೆ, ಅಂದರೆ ಜಾರುತ್ತೆ ಅಂತ ಬಹಳ ಜನ ಕೇಳುತ್ತಾರೆ. ಮೊದಲ ಗೇರಿನಲ್ಲಿ ಜಾಸ್ತಿ ಎಳೆತ ಅಲ್ವಾ, ಅಲ್ಲೇ ಸ್ಲಿಪ್ ಆಗಬೇಕಲ್ಲ? ಕ್ಲಚ್ ಇರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ. ಗೇರ್‌ಬಾಕ್ಸ್ ಟಾರ್ಕ್ ಹೆಚ್ಚಿಸುವುದು ಕ್ಲಚ್ ದಾಟಿದ ಮೇಲೆ. ಹಾಗಾಗಿ ಯಾವ ಗೇರಿದ್ದರೂ ಕ್ಲಚ್‌ಗೆ ಬರುವುದು ಎಂಜಿನ್ ಕೊಟ್ಟಷ್ಟೇ. ಆದರೆ ಕೆಳಗಿನ ಗೇರಿನಲ್ಲಿ ಎಂಜಿನ್ ಸರಸರ ಏರಿಬಿಡುತ್ತೆ. ಟಾರ್ಕಿನ ಒಂದು ಪಾಲು ಎಂಜಿನ್ನಿಗೆ ಕಟ್ಟಿದ ಭಾರದ ಚಕ್ರವಾದ ಫ್ಲೈವೀಲ್ಲನ್ನೇ ವೇಗವಾಗಿ ತಿರುಗಿಸಲು ಖರ್ಚಾಗುತ್ತೆ. ಟರ್ಬೊ ಪೂರ್ತಿ ಬೂಸ್ಟ್, ಅಂದರೆ ಹವೆಯ ಒತ್ತಡ, ಕಟ್ಟುವಷ್ಟರಲ್ಲಿ ಗೇರ್ ಬದಲಾಯಿಸುವ ಹೊತ್ತು ಬಂದಿರುತ್ತೆ. ಐದನೇ, ಆರನೇ ಗೇರಿನಲ್ಲಿ ಹಾಗಲ್ಲ. ಗಾಡಿ ನಿಧಾನಕ್ಕೆ ಏರುತ್ತೆ, ಬೂಸ್ಟ್ ಪೂರ್ತಿ ಕಟ್ಟುತ್ತೆ, ಪೂರ್ತಿ ಟಾರ್ಕ್ ಎಷ್ಟೋ ಸೆಕೆಂಡ್ ಕ್ಲಚ್ ಮೇಲೆ ಕೂತಿರುತ್ತೆ. ಬಲ ಇಲ್ಲದ ಕ್ಲಚ್ ಸಿಕ್ಕಿಬೀಳುವುದು ಇಲ್ಲೇ.

ಒಮ್ಮೆ ಜಾರಲು ಶುರುವಾದರೆ ತಾನಾಗೇ ನಿಲ್ಲುವುದು ಕಷ್ಟ. 300 ನ್ಯೂಟನ್ ಮೀಟರ್ ಟಾರ್ಕ್ ಹೊತ್ತು 500 ಆರ್‌ಪಿಎಂ ವ್ಯತ್ಯಾಸದಲ್ಲಿ ಜಾರುವ ಕ್ಲಚ್‌ನಲ್ಲಿ ಹುಟ್ಟುವ ಬಿಸಿ 15 ಕಿಲೋವ್ಯಾಟ್‌ಗಿಂತ ಜಾಸ್ತಿ. ಬಚ್ಚಲಮನೆಯ 2 ಕಿಲೋವ್ಯಾಟ್ ಗೀಸರ್ ಏಳೆಂಟನ್ನು ಒಂದು ತಟ್ಟೆಯಷ್ಟು ಜಾಗದಲ್ಲಿ ಒಟ್ಟಿಗೆ ಹಾಕಿದ ಹಾಗೆ. ಬಿಸಿಯಾದ ಲೈನಿಂಗ್‌ಗೆ ಹಿಡಿತ ಕಮ್ಮಿ, ಹಿಡಿತ ಕಮ್ಮಿಯಾದರೆ ಇನ್ನೂ ಜಾರಾಟ. ಅದಕ್ಕೇ ಪರೀಕ್ಷೆ ಅಂತ ಹೇಳಿ ಹತ್ತಾರು ಸಲ ಫುಲ್ ಥ್ರಾಟಲ್ ಕೊಡಬಾರದು. ಒಂದೆರಡು ಸಲ, ನಡುವೆ ಆರಲು ಬಿಟ್ಟು, ಅಷ್ಟು ಸಾಕು.

ಕಾರು ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾವು ಮಾಡಿದ್ದು ಇದು. ನೆಲಮಂಗಲ ದಾಟಿ ಕುಣಿಗಲ್ ಕಡೆ, ಬೆಳ್ಳಂಬೆಳಗ್ಗೆ, ರಸ್ತೆ ಖಾಲಿ ಇರುವಾಗ. ಅವನು ಓಡಿಸಿದ, ನಾನು ಪಕ್ಕದಲ್ಲಿ ಲಾಗ್ ಮಾಡಿದೆ. ಡ್ಯಾಶ್ ಕೆಳಗಿನ ಪೋರ್ಟಿಗೆ, ಕಾರಿನ ಕಂಪ್ಯೂಟರಿನ ಅಂಕಿ ಓದುವ ಒಬಿಡಿ ಡಾಂಗಲ್ ಚುಚ್ಚಿ, ಫೋನಿನಲ್ಲಿ ಆರ್‌ಪಿಎಂ ಮತ್ತು ಸ್ಪೀಡ್ ಎರಡನ್ನೇ ಆರಿಸಿಕೊಂಡೆ. ಬೇರೆ ಏನೂ ಬೇಡ. ಅಗ್ಗದ ಡಾಂಗಲ್‌ಗಳು ಒಂದಾದ ಮೇಲೆ ಒಂದು ಓದುತ್ತವೆ. ಹತ್ತು ಅಂಕಿ ಕೇಳಿದರೆ ಆರ್‌ಪಿಎಂ ಓದಿದ ಕ್ಷಣ ಬೇರೆ, ಸ್ಪೀಡ್ ಓದಿದ ಕ್ಷಣ ಬೇರೆ ಆಗಿಬಿಡುತ್ತೆ. ಗಾಡಿ ಸರ್ರನೆ ಏರುವಾಗ ಈ ಅಂತರವೇ ಸ್ಲಿಪ್‌ನಂತೆ ಕಾಣಿಸುತ್ತೆ. ಎರಡನೇ ಗೇರಿನ ಲಾಗ್ ನೋಡಿ ಕ್ಲಚ್ ಹೋಗಿದೆ ಅಂತ ತೀರ್ಮಾನಿಸಿದವರನ್ನು ನೋಡಿದ್ದೇನೆ. ಮೇಲಿನ ಗೇರಿನಲ್ಲಿ ಎಲ್ಲವೂ ನಿಧಾನ, ಲಾಗ್ ನಂಬಬಹುದು.

ಲೆಕ್ಕ ಇಷ್ಟೇ. ಒಂದು ಗೇರಿನಲ್ಲಿ ಕ್ಲಚ್ ಪೂರ್ತಿ ಹಿಡಿದಿದ್ದರೆ ಆರ್‌ಪಿಎಂ ಮತ್ತು ಸ್ಪೀಡ್ ಒಂದಕ್ಕೊಂದು ಕಟ್ಟಿಹಾಕಿದ ಹಾಗಿರುತ್ತವೆ. 100 ಕಿ.ಮೀ. ವೇಗದಲ್ಲಿ 2,200 ಇದ್ದರೆ 110ಕ್ಕೆ 2,420 ಇರಲೇಬೇಕು. ಹತ್ತು ಮಂದಿ ಕೂತಿರಲಿ, ಏರು ಇರಲಿ, ಇಳಿಜಾರು ಇರಲಿ, ಅದು ಬದಲಾಗುವಂತಿಲ್ಲ. ಸ್ಪೀಡೊಮೀಟರ್ ನಾಲ್ಕೈದು ಕಿ.ಮೀ. ಜಾಸ್ತಿ ತೋರಿಸುತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಎಲ್ಲ ವೇಗದಲ್ಲೂ ಅದೇ ಪ್ರಮಾಣದಲ್ಲಿ ಜಾಸ್ತಿ ತೋರಿಸಿದರೆ ತೊಂದರೆ ಇಲ್ಲ, ನಮಗೆ ಬೇಕಾದದ್ದು ಅನುಪಾತ ಮಾತ್ರ. ಇನ್ನೊಂದು ಮಿತಿ ಇದೆ. ಒಬಿಡಿ ಕೊಡುವ ಸ್ಪೀಡ್ ಪೂರ್ಣ ಸಂಖ್ಯೆ, ದಶಾಂಶ ಇರುವುದಿಲ್ಲ. 100ರ ಆಸುಪಾಸಿನಲ್ಲಿ ನೂರಕ್ಕೆ ಒಂದರಷ್ಟು ಏರುಪೇರು ಅದರಲ್ಲೇ ಇರುತ್ತೆ. ಹಾಗಾಗಿ 20-30 ಆರ್‌ಪಿಎಂ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬಾರದು. 200, 300 ಅಂತ ಕಂಡಾಗ ಮಾತಾಡಬಹುದು.

ಮೊದಲ ಸಲ, ಎಂಜಿನ್ ಇನ್ನೂ ಪೂರ್ತಿ ಬಿಸಿಯಾಗದಿದ್ದಾಗ, ಐದನೇ ಗೇರಿನಲ್ಲಿ 2,000ದಿಂದ ಪೂರ್ತಿ ಒತ್ತಿದ. ಅನುಪಾತ ಗೆರೆ ಎಳೆದ ಹಾಗೆ ನೆಟ್ಟಗೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕುಣಿಗಲ್‌ನಲ್ಲಿ ಕಾಫಿ ಕುಡಿದು ವಾಪಸ್ ಬರುವಾಗ ಗಾಡಿ ಚೆನ್ನಾಗಿ ಬಿಸಿಯಾಗಿತ್ತು. ಅದೇ ಗೇರು, ಅದೇ 2,000. ಬೂಸ್ಟ್ ಕಟ್ಟಿದ ಕೂಡಲೇ ಆರ್‌ಪಿಎಂ ಒಂದೇ ಏಟಿಗೆ 350 ಮೇಲೆ ಹಾರಿತು, ಸ್ಪೀಡ್ ಅಲ್ಲೇ ಇತ್ತು. ಕಾಲು ತೆಗೆದ ಕೂಡಲೇ ಅನುಪಾತ ಸರಿಯಾಗಿ ಹಳೆಯ ಜಾಗಕ್ಕೆ ಬಂದು ಕೂತಿತು. ಇದು ಮುಖ್ಯ. ಮೊದಲು ಮತ್ತು ಆಮೇಲೆ ಅನುಪಾತ ಒಂದೇ ಇದ್ದು ನಡುವೆ ಮಾತ್ರ ಉಬ್ಬಿದ್ದರೆ ಅದು ಸ್ಲಿಪ್, ಬೇರೆ ಮಾತಿಲ್ಲ.

ವೀಲ್ ಸ್ಪಿನ್ ಇರಬಹುದಲ್ಲ ಅಂತ ಅವನಿಗೊಂದು ಆಸೆ. ಒಣ ರಸ್ತೆಯಲ್ಲಿ ಐದನೇ ಗೇರಿನಲ್ಲಿ ಅದು ಆಗದ ಮಾತು. ಮಳೆಗಾಲದಲ್ಲಿ ಎರಡನೇ ಗೇರಿನಲ್ಲಾದರೆ ಈ ಗೊಂದಲ ನಿಜವಾಗಿಯೂ ಬರುತ್ತೆ. ಆಗ ಟ್ರ್ಯಾಕ್ಷನ್ ಕಂಟ್ರೋಲ್ ದೀಪ ನೋಡಬೇಕು. ಸ್ಪೀಡೊಮೀಟರ್ ಗೇರ್‌ಬಾಕ್ಸಿನಿಂದ ಲೆಕ್ಕ ತಗೊಳ್ಳುವ ಗಾಡಿಯಲ್ಲಿ ಚಕ್ರ ಜಾರಿದರೆ ಎರಡು ಮುಳ್ಳೂ ಒಟ್ಟಿಗೆ ಹಾರುತ್ತವೆ. ಕ್ಲಚ್ ಜಾರಿದರೆ ಒಂದೇ ಹಾರುತ್ತೆ. ಇನ್ನು ಆರ್‌ಪಿಎಂ ಕೂಡ ಏರುತ್ತಿಲ್ಲ, ಗಾಡಿ ಕೆಮ್ಮುತ್ತೆ ಅಂದರೆ ಅದು ಕ್ಲಚ್ ವಿಷಯವೇ ಅಲ್ಲ. ಪ್ಲಗ್, ಕಾಯಿಲ್, ಬೂಸ್ಟ್ ಸೋರಿಕೆ ನೋಡಬೇಕು.

ಸ್ಲಿಪ್ ಇದೆ ಅಂತ ಗೊತ್ತಾಯಿತು. ಅಲ್ಲಿಗೆ ಅರ್ಧ ಕೆಲಸ. ಯಾಕೆ ಸ್ಲಿಪ್ ಅನ್ನುವುದು ಉಳಿದ ಅರ್ಧ, ಮತ್ತು ಗ್ಯಾರೇಜುಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಅರ್ಧ. ಹೇಗಿದ್ದರೂ ಗೇರ್‌ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಸೆಟ್ ಹಾಕಬೇಕು, ಸುಮ್ನೆ ತಲೆ ಯಾಕೆ ಕೆಡಿಸಿಕೊಳ್ಳಬೇಕು ಅನ್ನುವ ಧೋರಣೆ. ಅವರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ. ಲೇಬರ್ ಬರುವುದು ಇಳಿಸಿದ್ದಕ್ಕೆ, ಯೋಚನೆ ಮಾಡಿದ್ದಕ್ಕಲ್ಲ.

ಆದರೆ ಇಳಿಸದೆ ನೋಡಬಹುದಾದದ್ದು ಬೇಕಾದಷ್ಟಿದೆ. ಮೊದಲು ಪೆಡಲ್. ದಪ್ಪ ಫ್ಲೋರ್ ಮ್ಯಾಟ್ ಪೆಡಲ್ಲಿಗೆ ಸಿಕ್ಕಿ ಪೂರ್ತಿ ಮೇಲೆ ಬರಲು ಬಿಡದೆ ಇರಬಹುದು. ನಗಬೇಡಿ, ಇದು ಆಗುತ್ತೆ. ಆಮೇಲೆ ಹೈಡ್ರಾಲಿಕ್ಸ್. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಕಟ್ಟಿಕೊಂಡರೆ, ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಒತ್ತಡ ಉಳಿಯುತ್ತೆ. ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಅರೆಬರೆ ಒತ್ತಿಕೊಂಡೇ ಇರುತ್ತೆ. ಬಿಸಿಯಾದಾಗ ಆಯಿಲ್ ಹಿಗ್ಗಿ ಇದು ಜಾಸ್ತಿಯಾಗುತ್ತೆ. ನಮ್ಮ ಕೇಸಿನಲ್ಲೂ ಬಿಸಿಯಾದ ಮೇಲೇ ಸ್ಲಿಪ್ ಬಂದದ್ದರಿಂದ ನನಗೆ ಮೊದಲ ಅನುಮಾನ ಇದರ ಮೇಲೇ. ಪರೀಕ್ಷೆ ಸುಲಭ. ಗಾಡಿ ಬಿಸಿ ಇರುವಾಗಲೇ ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲ್ ಸಡಿಲಿಸಬೇಕು. ಪೆಡಲ್ ಮುಟ್ಟದೆಯೂ ಆಯಿಲ್ ಪಿಚಕ್ ಅಂತ ಹಾರಿದರೆ ಒತ್ತಡ ಉಳಿದಿದೆ ಅಂತ ಅರ್ಥ. ನಮ್ಮದರಲ್ಲಿ ಹಾರಲಿಲ್ಲ, ಸುಮ್ಮನೆ ಒಸರಿತು.

ಮೇಸ್ತ್ರಿ ಗಾಡಿ ಲಿಫ್ಟಿಗೆ ಏರಿಸಿದರು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ, ಬೆಲ್ ಹೌಸಿಂಗ್‌ನ ಕೆಳತುಟಿಯ ಹತ್ತಿರ, ಒಂದು ಒದ್ದೆ ಗೆರೆ. ಅದರ ಮೇಲೆ ಧೂಳು ಕೂತು ಕರಿ ಅಂಟಾಗಿತ್ತು. ಅವರು ಬಿಳಿ ಬಟ್ಟೆಯ ತುದಿಯಿಂದ ಒರೆಸಿ ಬೆಳಕಿಗೆ ಹಿಡಿದರು, ಮೂಸಿದರು, ನನ್ನ ಕೈಗೂ ಕೊಟ್ಟರು. ಇಲ್ಲಿ ಸೋರಬಹುದಾದದ್ದು ಮೂರು. ಕ್ಲಚ್ ಲೈನಿನಲ್ಲಿರುವ ಬ್ರೇಕ್ ಆಯಿಲ್ ತೆಳು, ಪೇಂಟ್ ತಿನ್ನುತ್ತೆ. ಗೇರ್ ಆಯಿಲ್‌ಗೆ ಸಾಮಾನ್ಯವಾಗಿ ಗಂಧಕದ ಘಾಟು ಇರುತ್ತೆ, ಕೈ ತೊಳೆದರೂ ಹೋಗಲ್ಲ. ಇದು ಕಪ್ಪಗೆ, ಘಾಟಿಲ್ಲದೆ, ಡಿಪ್‌ಸ್ಟಿಕ್ ಒರೆಸಿದ ಬಟ್ಟೆಯ ವಾಸನೆ. "ಎಂಜಿನ್ ಆಯಿಲ್ ಸಾರ್. ಕ್ರ್ಯಾಂಕ್ ಹಿಂದಿನ ಸೀಲ್. ಪ್ಲೇಟ್ ಆಯಿಲ್ ಕುಡಿದಿರುತ್ತೆ ನೋಡಿ" ಅಂದರು.

ಇಳಿಸಿದಾಗ ಹಾಗೇ ಇತ್ತು. ಲೈನಿಂಗ್ ರಿವೆಟ್‌ಗಿಂತ ಇನ್ನೂ ಚೆನ್ನಾಗಿ ಎತ್ತರದಲ್ಲಿತ್ತು, ಸವೆದ ಪ್ಲೇಟ್ ಅಲ್ಲವೇ ಅಲ್ಲ. ಆದರೆ ಒಂದು ಬದಿ ಮಿರಮಿರ ಹೊಳೆಯುತ್ತಿತ್ತು, ಅಂಚಿನಲ್ಲಿ ಕರಿ ಕಲೆ. ಬೆಳಗಿನ ತಣ್ಣನೆಯ ಓಟದಲ್ಲಿ ಸರಿಯಾಗಿ ಹಿಡಿದದ್ದು ಯಾಕೆ ಅನ್ನುವುದಕ್ಕೂ ಉತ್ತರ ಅಲ್ಲೇ ಇತ್ತು. ಸಾಮಾನ್ಯ ಲೈನಿಂಗ್ ಆಯಿಲ್ ಹೀರಿಕೊಳ್ಳುತ್ತೆ. ಬಿಸಿಯಾದಾಗ ಅದು ಮತ್ತೆ ಮೇಲ್ಮೈಗೆ ಒಸರುತ್ತೆ. ಪೆಟ್ರೋಲ್‌ನಲ್ಲಿ ತೊಳೆದು ಹಾಕೋಣ ಅನ್ನುವವರೂ ಸಿಗುತ್ತಾರೆ. ಎರಡು ದಿನ ಚೆನ್ನಾಗಿರುತ್ತೆ, ಮೂರನೇ ಘಾಟಿ ಏರುವಾಗ ಮತ್ತೆ ಅದೇ. ಗೇರ್‌ಬಾಕ್ಸ್ ಇಳಿಸುವ ಲೇಬರ್ ಎರಡು ಸಲ ಕೊಡುವ ಇಷ್ಟ ಇದ್ದರೆ ಹಾಗೆ ಮಾಡಬಹುದು.

ಗೆಳೆಯ ತರಿಸಬೇಕು ಅಂದುಕೊಂಡಿದ್ದ ಸೆರಾಮಿಕ್ ಕ್ಲಚ್ ಹಾಕಿದ್ದರೆ ಏನಾಗುತ್ತಿತ್ತು? ಸೀಲ್ ಸೋರುತ್ತಲೇ ಇರುತ್ತಿತ್ತು. ಆ ದುಬಾರಿ ಪ್ಲೇಟ್ ಕೂಡ ಎಣ್ಣೆ ಸ್ನಾನ ಮಾಡುತ್ತಿತ್ತು. ಅಲ್ಲದೆ ಪಕ್ ಕ್ಲಚ್ ಟ್ರ್ಯಾಕಿಗೆ, ರ‍್ಯಾಲಿಗೆ ಸರಿ. ಕೆ-1000 ರ‍್ಯಾಲಿಯಲ್ಲಿ ಓಡುವ ಗಾಡಿಗೆ ನಯವಾಗಿ ಹಿಡಿಯುವ ಕ್ಲಚ್ ಬೇಕಿಲ್ಲ, ಗಟ್ಟಿಯಾಗಿ ಹಿಡಿದರೆ ಆಯಿತು. ದಿನಾ ಔಟರ್ ರಿಂಗ್ ರೋಡಿನಲ್ಲಿ ಅಡಿ ಅಡಿ ಸರಿಯುವ ಗಾಡಿಗೆ ಅದನ್ನು ಹಾಕಿದರೆ ಪ್ರತಿ ಸಲ ಎದ್ದಾಗಲೂ ಗಾಡಿ ಕುಪ್ಪಳಿಸುತ್ತೆ. ಹಿಂದಿನ ಸೀಟಿನಲ್ಲಿ ಕೂತ ಅಮ್ಮ ಒಂದು ಕಿ.ಮೀ.ಗೇ ಆಟೊ ಹಿಡಿಯುತ್ತಾರೆ.

ಸೀಲ್ ಯಾಕೆ ಸೋರಿತು ಅಂತ ಕೇಳದೆ ಬಿಟ್ಟರೂ ಕೆಲಸ ಅರ್ಧವೇ. ವಯಸ್ಸಾಗಿ ರಬ್ಬರ್ ಗಟ್ಟಿಯಾಗುವುದು ಒಂದು ಕಾರಣ. ಟರ್ಬೊ ಎಂಜಿನ್ನುಗಳಲ್ಲಿ ಇನ್ನೊಂದಿದೆ. ಕ್ರ್ಯಾಂಕ್‌ಕೇಸಿನ ಹವೆ ಹೊರಗೆ ಎಳೆದು ಮತ್ತೆ ಇನ್‌ಟೇಕಿಗೆ ಕಳಿಸುವ ಪಿಸಿವಿ ವಾಲ್ವ್. ಅದರೊಳಗಿನ ಒನ್ ವೇ ವಾಲ್ವ್ ಕೆಟ್ಟರೆ ಬೂಸ್ಟ್ ಹವೆ ವಾಪಸ್ ಎಂಜಿನ್ ಹೊಟ್ಟೆಗೆ ನುಗ್ಗುತ್ತೆ, ಒತ್ತಡ ತಾಳದೆ ಸೀಲುಗಳಿಂದ ಆಯಿಲ್ ಹೊರಬರುತ್ತೆ. ರೀಮ್ಯಾಪ್ ಆದ ಗಾಡಿಯಲ್ಲಿ ಬೂಸ್ಟ್ ಜಾಸ್ತಿ, ಹಾಗಾಗಿ ಈ ನುಗ್ಗಾಟವೂ ಜಾಸ್ತಿ. ಇವನದರಲ್ಲಿ ಆ ವಾಲ್ವ್ ಬಿಚ್ಚಿ ಬಾಯಿಂದ ಊದಿದರೆ ಎರಡು ಕಡೆಯಿಂದಲೂ ಗಾಳಿ ಹೋಗುತ್ತಿತ್ತು. ಒಂದೇ ಕಡೆ ಹೋಗಬೇಕಿತ್ತು. ಹೊಸ ಸೀಲ್ ಹಾಕಿ ಹಳೆಯ ವಾಲ್ವ್ ಬಿಟ್ಟಿದ್ದರೆ ಮತ್ತೆ ಅದೇ ಒದ್ದೆ ಗೆರೆ ಬರುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಹಾಗಂತ ರೀಮ್ಯಾಪ್ ನಿರಪರಾಧಿ ಅಂತಲೂ ಹೇಳುವುದಿಲ್ಲ. 250ಕ್ಕೆ ಮಾಡಿದ ಕ್ಲಚ್‌ನಲ್ಲಿ 330 ಓಡಿಸುವಾಗ ಉಳಿದಿರುವ ಮಿಗುತಾಯ ಬಹಳ ತೆಳು. ಅದೇ ಸೀಲ್ ರೀಮ್ಯಾಪ್ ಆಗದ ಸ್ಟಾಕ್ ಗಾಡಿಯಲ್ಲಿ ಸೋರಿದ್ದರೆ ಇನ್ನೂ ಒಂದಷ್ಟು ಸಾವಿರ ಕಿ.ಮೀ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಒಪ್ಪಿಕೊಂಡದ್ದು ಸಾಮಾನ್ಯ ಲೈನಿಂಗ್‌ನ ಪ್ಲೇಟ್, ಸ್ವಲ್ಪ ಗಟ್ಟಿ ಸ್ಪ್ರಿಂಗ್‌ನ ಪ್ರೆಶರ್ ಪ್ಲೇಟ್, ಹೊಸ ರಿಲೀಸ್ ಬೇರಿಂಗ್, ಸೀಲ್, ಪಿಸಿವಿ. ನಡುವೆ ಸ್ಪ್ರಿಂಗ್ ಇರುವ ಎರಡು ಭಾಗದ ಫ್ಲೈವೀಲ್, ಅಂದರೆ ಡ್ಯುಯಲ್ ಮಾಸ್ ಫ್ಲೈವೀಲ್, ಬದಲಾಯಿಸುವುದೋ ಬೇಡವೋ ಅಂತ ದೊಡ್ಡ ಚರ್ಚೆಯೇ ನಡೆಯಿತು. ಅದು ಇಡೀ ಕ್ಲಚ್ ಸೆಟ್‌ಗಿಂತ ದುಬಾರಿ. ಕೈಯಲ್ಲಿ ಎರಡೂ ಕಡೆ ತಿರುಗಿಸಿ ಆಟ ನೋಡಿದರು, ಅಲುಗಾಡಿಸಿ ನೋಡಿದರು, ಮಿತಿಯೊಳಗೇ ಇತ್ತು. ಐಡಲ್‌ನಲ್ಲಿ ಗಡಗಡ ಶಬ್ದವೂ ಇರಲಿಲ್ಲ. ಮೇಲ್ಮೈಯಲ್ಲಿ ಬಿಸಿಗೆ ನೀಲಿ ಬಣ್ಣ ತಿರುಗಿದ ಕಲೆಗಳೂ ಇರಲಿಲ್ಲ. ಆಯಿಲ್ ಪೂರ್ತಿ ತೆಗೆದು ಹಳೆಯದನ್ನೇ ಹಾಕಿದರು. ಬೇರೆ ಮೇಸ್ತ್ರಿಯಾದರೆ ಒಪ್ಪುತ್ತಿರಲಿಲ್ಲವೇನೋ, ಅದರಲ್ಲೂ ನ್ಯಾಯ ಇದೆ.

ಪೆಡಲ್ ಮೊದಲಿಗಿಂತ ಸ್ವಲ್ಪ ಭಾರ ಆಗಿದೆ. ಲೈನಿಂಗ್ ಕೂರುವವರೆಗೆ, ಸುಮಾರು 800 ಕಿ.ಮೀ. ಊರೊಳಗೆ ಓಡುವವರೆಗೆ, ಟ್ಯೂನರ್ ಹತ್ತಿರ ಹೋಗಿ ಸ್ಟಾಕ್ ಫೈಲ್ ಹಾಕಿಸು ಅಂದೆ. ಹಾಕಿಸಿದ್ದಾನೆ. ಆಮೇಲೆ ರೀಮ್ಯಾಪ್ ವಾಪಸ್ ಹಾಕುವಾಗ 2,000ದ ಹತ್ತಿರ ಒಮ್ಮೆಲೇ ನುಗ್ಗುವ ಟಾರ್ಕನ್ನು ಸ್ವಲ್ಪ ಮೆದು ಮಾಡಿಸಬೇಕು ಅನ್ನುವುದು ನನ್ನ ಹಟ, ಆ ನುಗ್ಗುವಿಕೆಯೇ ರೀಮ್ಯಾಪಿನ ಮಜಾ ಅನ್ನುವುದು ಅವನ ವಾದ. ಸದ್ಯಕ್ಕೆ ಟ್ರಿಪ್ ಮೀಟರ್ 800 ದಾಟಿಲ್ಲ, ಜಗಳ ಬಾಕಿ ಇದೆ.